ಹತ್ತು ಕುಟುಂಬ ಸೇರಿ ಹತ್ತು ಮನೆ ಕಟ್ಟುವ ಬಗೆ

(ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಳಿಗ್ಗೆ ನೀವು ನಿಮ್ಮ ನಿಮ್ಮ ಊರಿನ ಮಣ್ಣನ್ನು ತಂದುಕೊಟ್ಟಿರಿ. ಅಗಲ ಬಾಯಿಯ ಗಾಜಿನ ಬಾಟಲಿಗಳಿಗೆ ಅದನ್ನು ಮೂರನೆಯ ಒಂದು ಭಾಗದಷ್ಟು ತುಂಬಿ, ನೀರು ಹಾಕಿ, ಒಂದು ಚಿಟಿಕೆ ಉಪ್ಪು ಸೇರಿಸಿ, ಚೆನ್ನಾಗಿ ಕುಲುಕಿ ಆ ಬೆಂಚಿನ ಮೇಲೆ ಇಟ್ಟಿದ್ದೇವೆ. ದಯವಿಟ್ಟು ಯಾರೂ ಅವನ್ನು ಅಲುಗಿಸಬೇಡಿ. ಅವುಗಳ ಕೆಲಸ ಕೊನೆಯಲ್ಲಿದೆ.

ಇಂದು ನಾನು ಮಾತನಾಡಬೇಕಾಗಿರುವುದು ಬೆಳೆಯ ಬಗ್ಗೆ ಅಲ್ಲ, ಬೆಳೆಯುವವನು ಮಲಗುವ ಮನೆಯ ಬಗ್ಗೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಮನೆಯ ಸಾಲ ತೀರಿಸಲು ಅರ್ಧ ಎಕರೆ ಮಾರಿದವರು, ಕರೆಯುವ ಹಸುವನ್ನು ಸಂತೆಗೆ ಹೊಡೆದವರು ಈ ಸಭೆಯಲ್ಲಿಯೂ ಇರಬಹುದು. ಗೋಡೆ ಎದ್ದು ಸೂರಿಲ್ಲದೆ ನಾಲ್ಕಾರು ಮಳೆಗಾಲ ಕಂಡ ಮನೆಗಳಂತೂ ಪ್ರತಿ ಊರಿನಲ್ಲಿಯೂ ಸಿಕ್ಕುತ್ತವೆ.

ಮನೆಯ ಖರ್ಚು ಎಲ್ಲಿಗೆ ಹೋಗುತ್ತದೆ? ಸ್ಥೂಲವಾಗಿ ಹೇಳುವುದಾದರೆ ನೂರು ರೂಪಾಯಿಯಲ್ಲಿ ಮೂವತ್ತರ ಆಸುಪಾಸು ಕೂಲಿ, ಉಳಿದದ್ದು ಸಾಮಾನು. ಗುತ್ತಿಗೆಗೆ ಕೊಟ್ಟರೆ ಗುತ್ತಿಗೆದಾರನ ಲಾಭ ಅದರ ಮೇಲೆ. ಈ ಕೂಲಿಯನ್ನೆಲ್ಲ ನಾವೇ ದುಡಿದು ಉಳಿಸಿಬಿಡಬಹುದು ಎಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ಗೋಡೆಯ ಮೂಲೆ ಎತ್ತುವುದಕ್ಕೆ ಮೇಸ್ತ್ರಿ ಬೇಕು, ಬಾಗಿಲಿಗೆ ಬಡಗಿ ಬೇಕು, ವಿದ್ಯುತ್ತಿಗೆ ಆ ಕೆಲಸ ಬಲ್ಲವನೇ ಬೇಕು. ಆದರೆ ಪಾಯ ಅಗೆಯುವುದು, ಕಲ್ಲು ಹೊರುವುದು, ಮಣ್ಣು ಜರಡಿ ಹಿಡಿಯುವುದು, ಇಟ್ಟಿಗೆ ಮಾಡುವುದು, ಗಾರೆ ಕಲಸಿಕೊಡುವುದು, ನೀರು ಉಣಿಸುವುದು, ಇವೆಲ್ಲ ನಮ್ಮ ಕೈಯವು. ಕೂಲಿಯಲ್ಲಿ ಅರ್ಧದಷ್ಟು ಇಲ್ಲೇ ಇದೆ. ಇಟ್ಟಿಗೆಯನ್ನು ಕೊಳ್ಳದೆ ನಾವೇ ಮಾಡಿಕೊಂಡರೆ ಸಾಮಾನಿನ ಬಾಬಿನಲ್ಲಿಯೂ ಉಳಿತಾಯವುಂಟು. ಹತ್ತು ಮನೆಯ ಸಿಮೆಂಟು, ಕಬ್ಬಿಣವನ್ನು ಒಟ್ಟಿಗೆ ಕೊಂಡರೆ ಲಾರಿ ಬಾಡಿಗೆಯೂ ಹಂಚಿಹೋಗುತ್ತದೆ.

ಒಂಟಿ ಕುಟುಂಬಕ್ಕೆ ಇದು ಸಾಧ್ಯವಿಲ್ಲ. ಗಂಡ ಹೆಂಡತಿ ಇಬ್ಬರೇ ಪಾಯ ತೋಡಿ, ಮಣ್ಣು ತುಳಿದು, ಗೋಡೆ ಎಬ್ಬಿಸುವ ಹೊತ್ತಿಗೆ ಎರಡು ಬೆಳೆ ಕೈತಪ್ಪಿರುತ್ತದೆ. ಹತ್ತು ಕುಟುಂಬ ಸೇರಿದರೆ ಆಗುತ್ತದೆ. ಇದೇನು ನಮಗೆ ಹೊಸದೇ? ನಾಟಿಗೆ, ಕಳೆಗೆ, ಕೊಯ್ಲಿಗೆ ಮುಯ್ಯಾಳು ಕಟ್ಟಿಕೊಂಡು ದುಡಿದವರು ನಾವು. ಇಂದು ನಿಮ್ಮ ಹೊಲಕ್ಕೆ ನಾನು ಬಂದರೆ ನಾಳೆ ನನ್ನ ಹೊಲಕ್ಕೆ ನೀವು ಬರುತ್ತೀರಿ. ದುಡ್ಡು ಕೈ ಬದಲಾಯಿಸದೆ ಕೆಲಸ ಮುಗಿಯುತ್ತದೆ. ಹಿಂದೆ ಹುಲ್ಲಿನ ಮನೆಗೆ ಹೊಸ ಹೊದಿಕೆ ಹಾಕುವಾಗ ನೆರೆಹೊರೆಯವರೇ ಬಂದು ಕೈಗೂಡಿಸುತ್ತಿದ್ದರು.

ಆದರೆ ಹೊಲದ ಮುಯ್ಯಿಗೂ ಮನೆಯ ಮುಯ್ಯಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅದನ್ನು ನಾನು ಕಣ್ಣಾರೆ ಕಂಡು ಕಲಿತೆ. ಕೆಲವು ವರ್ಷಗಳ ಹಿಂದೆ ಒಂದು ಊರಿನಲ್ಲಿ ಎಂಟು ಕುಟುಂಬಗಳು ಸೇರಿ ಹೀಗೆಯೇ ಮನೆ ಕಟ್ಟಲು ಹೊರಟವು. ಹುರುಪು ತುಂಬಾ ಇತ್ತು. ನಾನೂ ಹೋಗಿ ಭಾಷಣ ಮಾಡಿ ಬಂದೆ. ಒಂದರ ನಂತರ ಒಂದರಂತೆ ಐದು ಮನೆ ಮುಗಿದವು. ಆರನೆಯವರ ಪಾಯ ಬಿದ್ದು ಗೋಡೆ ಎದೆಯೆತ್ತರ ಬಂದಾಗ ಮುಂಗಾರು ಹತ್ತಿರವಾಯಿತು. ಮನೆ ಮುಗಿದವರಲ್ಲಿ ಒಬ್ಬರಿಗೆ ಉಳುಮೆ, ಇನ್ನೊಬ್ಬರಿಗೆ ನೆಂಟರ ಮದುವೆ, ಮತ್ತೊಬ್ಬರಿಗೆ ಸೊಂಟನೋವು. ಯಾರೂ ಮೋಸಗಾರರಲ್ಲ, ಒಳ್ಳೆಯ ಜನವೇ. ಆದರೂ ಆ ಗೋಡೆ ಮಳೆಯಲ್ಲಿ ನೆನೆಯಿತು, ಒಂದು ಮಗ್ಗುಲು ಕುಸಿಯಿತು. ಮುಂದೆ ಆ ಮನೆಯೊಡತಿ ಎದುರು ಸಿಕ್ಕಾಗ, "ಐದು ಮನೆಗೆ ಮಣ್ಣು ಹೊತ್ತೆ ಸ್ವಾಮಿ, ನನ್ನ ಮನೆಗೆ ಹೊರಲು ಯಾರೂ ಉಳಿಯಲಿಲ್ಲ" ಎಂದಳು. ಉತ್ತರ ಹೇಳಲು ನನಗೆ ತೋಚಲಿಲ್ಲ.

ನಾಟಿ ಪ್ರತಿ ವರ್ಷ ಬರುತ್ತದೆ. ಈ ವರ್ಷ ತಪ್ಪಿಸಿಕೊಂಡವನಿಗೆ ಮುಂದಿನ ವರ್ಷ ಆಳು ಸಿಗುವುದಿಲ್ಲ, ಆ ಅಂಜಿಕೆಯೇ ಮುಯ್ಯಿಯನ್ನು ಕಾಯುತ್ತದೆ. ಮನೆ ಜೀವಮಾನಕ್ಕೆ ಒಮ್ಮೆ. ತನ್ನದು ಮುಗಿದವನಿಗೆ ಮತ್ತೆ ಮುಯ್ಯಿಯ ಅಗತ್ಯವಿಲ್ಲ. ಆದ್ದರಿಂದ ಗುಂಪು ಗಟ್ಟಿಯೋ ಅಲ್ಲವೋ ಎಂಬುದು ಕೊನೆಯ ಮನೆಯಲ್ಲಿ ತಿಳಿಯುತ್ತದೆ.

ಈ ತೊಡಕನ್ನು ಬೇರೆಯವರು ಹೇಗೆ ಬಿಡಿಸಿಕೊಂಡರು? ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಸ್ಯಾನ್ ವಾಕೀನ್ ಕಣಿವೆ ಹಣ್ಣು, ತರಕಾರಿ, ಹತ್ತಿಗೆ ಹೆಸರಾದ ಪ್ರದೇಶ. ಅಲ್ಲಿಯ ಹೊಲಗಳಲ್ಲಿ ದುಡಿಯುವ ಕೂಲಿಕಾರರು ಹಾಳು ಜೋಪಡಿಗಳಲ್ಲಿದ್ದರು. 1960ರ ದಶಕದ ಮೊದಲಲ್ಲಿ ಕ್ವೇಕರ್ ಪಂಥದವರ ಸೇವಾ ಸಂಸ್ಥೆಯೊಂದರ ನೆರವಿನಿಂದ ಗೋಶೆನ್ ಎಂಬ ಸಣ್ಣ ಊರಿನಲ್ಲಿ ಕೆಲವೇ ಕುಟುಂಬಗಳು ಸೇರಿ ಮನೆ ಕಟ್ಟಿಕೊಂಡವು. ಆ ಕೆಲಸವನ್ನು ಮುಂದುವರಿಸಲು 1965ರಲ್ಲಿ 'ಸೆಲ್ಫ್-ಹೆಲ್ಪ್ ಎಂಟರ್‌ಪ್ರೈಸಸ್' ಎಂಬ ಸಂಸ್ಥೆ ಹುಟ್ಟಿತು. ಆ ದೇಶದಲ್ಲಿ ಹಳ್ಳಿಯ ಮನೆಗೆ ಸಾಲ ಕೊಡುವುದು ಕೃಷಿ ಇಲಾಖೆಯೇ ಎಂಬುದನ್ನು ಇಲ್ಲಿರುವ ಅಧಿಕಾರಿ ಮಿತ್ರರು ಗಮನಿಸಬೇಕು. ಕುಟುಂಬ ಮೊದಲು ಕಟ್ಟಬೇಕಾದ ನಗದಿನ ಬದಲು ಅದರ ದುಡಿಮೆಯನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಕೆಲಸದಲ್ಲಿ ನೂರಕ್ಕೆ 65ರಷ್ಟನ್ನು ಗುಂಪಿನ ಕುಟುಂಬಗಳೇ ಮಾಡಬೇಕೆಂಬುದು ಕ್ರಮ. ಜೊತೆಗೆ ಇನ್ನೊಂದು ಕಟ್ಟುಪಾಡು: ಗುಂಪಿನ ಎಲ್ಲ ಮನೆ ಮುಗಿಯುವವರೆಗೆ ಯಾರೂ ಗೃಹಪ್ರವೇಶ ಮಾಡುವಂತಿಲ್ಲ. ಮೊದಲ ಮನೆಯ ಬೀಗದಕೈ ಕೊನೆಯ ಮನೆಗೆ ಸೂರು ಬೀಳುವವರೆಗೆ ಕಾಯುತ್ತದೆ. ನಾನು ಹೇಳಿದ ಎಂಟು ಕುಟುಂಬಗಳಿಗೆ ಇದೊಂದು ಮಾತು ಗೊತ್ತಿದ್ದಿದ್ದರೆ!

ಇನ್ನೊಂದು ಪ್ರಸಂಗ ಇದಕ್ಕೂ ಹಳೆಯದು, ಮತ್ತು ನಮ್ಮಂಥ ವಿಸ್ತರಣೆಯವರಿಗೆ ಹೆಚ್ಚು ಹತ್ತಿರದ್ದು. ಕೆನಡಾ ದೇಶದ ನೋವಾ ಸ್ಕಾಟಿಯಾ ಪ್ರಾಂತದಲ್ಲಿ ಸೇಂಟ್ ಫ್ರಾನ್ಸಿಸ್ ಝೇವಿಯರ್ ವಿಶ್ವವಿದ್ಯಾನಿಲಯವಿದೆ. ಅದು 1928ರಲ್ಲಿ ವಿಸ್ತರಣಾ ವಿಭಾಗವನ್ನು ತೆರೆದು ಮೀನುಗಾರರು, ರೈತರು, ಗಣಿ ಕಾರ್ಮಿಕರ ನಡುವೆ ಓದುಕೂಟಗಳನ್ನು ಕಟ್ಟಿತು. ಆ ಪ್ರಾಂತದ ರಿಸರ್ವ್ ಮೈನ್ಸ್ ಎಂಬಲ್ಲಿ ಕಲ್ಲಿದ್ದಲ ಗಣಿಯವರು ಕಂಪನಿಯ ಹಳೆಯ ಮನೆಗಳಲ್ಲಿ ಬಾಡಿಗೆಗಿದ್ದರು. ಜಿಮ್ಮಿ ಟಾಂಪ್ಕಿನ್ಸ್ ಎಂಬ ಪಾದ್ರಿಗಳ ಪ್ರೋತ್ಸಾಹ, ಮೇರಿ ಅರ್ನಾಲ್ಡ್ ಎಂಬಾಕೆಯ ಮಾರ್ಗದರ್ಶನದಲ್ಲಿ ಅವರು 1937-38ರಲ್ಲಿ ಸ್ವಂತ ಮನೆಗಳಿಗೆ ಕೈಹಾಕಿದರು. ಆದರೆ ಕೂಡಲೇ ಹಾರೆ ಹಿಡಿಯಲಿಲ್ಲ. ತಿಂಗಳುಗಟ್ಟಲೆ ಕೂತು ಸಾಲ, ಬಡ್ಡಿ, ನಿವೇಶನ, ಮನೆಯ ನಕ್ಷೆ ಎಲ್ಲವನ್ನೂ ಅಭ್ಯಾಸ ಮಾಡಿದರು. ಸಣ್ಣ ಮಾದರಿ ಮನೆಗಳನ್ನು ಮಾಡಿ ನೋಡಿದರು. ಅಡುಗೆಮನೆ ಎಲ್ಲಿರಬೇಕೆಂಬ ಮಾತಿನಲ್ಲಿ ಹೆಂಗಸರೂ ಇದ್ದರು. ಹಾಗೆ ಎದ್ದ ಹನ್ನೊಂದು ಮನೆಗಳ ಆ ಕೇರಿಗೆ ಟಾಂಪ್ಕಿನ್ಸ್‌ವಿಲ್ ಎಂದೇ ಹೆಸರಾಯಿತು. ನಮ್ಮ ಕಾರ್ಯಕರ್ತರು ಒಂದು ಗುಂಪಿನೊಡನೆ ವಾರಕ್ಕೊಂದು ಸಂಜೆಯಂತೆ ನಾಲ್ಕು ತಿಂಗಳು ಕೂತರೆ ಅಷ್ಟೇ ಸಾಕು ಎಂದು ನನ್ನ ಅಭಿಪ್ರಾಯ.

ಈಗ ನಮ್ಮ ಮಣ್ಣಿಗೆ ಬರೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದವರು ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತಿದ ಮಣ್ಣಿನ ಬ್ಲಾಕನ್ನು ಅಭಿವೃದ್ಧಿಪಡಿಸಿದರು. ಇದನ್ನು ಸುಡಬೇಕಾಗಿಲ್ಲ, ಆದ್ದರಿಂದ ಸೌದೆಯ ಖರ್ಚಿಲ್ಲ. ಗುಂಪು ಕೆಲಸಕ್ಕೆ ಹೇಳಿ ಮಾಡಿಸಿದ ಸಾಮಾನು ಇದು, ಯಾಕೆಂದರೆ ಇದರಲ್ಲಿ ದುಡಿಮೆ ಹೆಚ್ಚು, ಕೊಳ್ಳುವುದು ಕಡಿಮೆ.

ಮೇಲಿನ ಒಂದಡಿ ಮಣ್ಣನ್ನು ತೆಗೆದು ಹೊಲಕ್ಕೆ ಹಾಕಿ. ಬೇರು, ಗೊಬ್ಬರದ ಅಂಶವಿರುವ ಆ ಮಣ್ಣು ಬೆಳೆಗೆ ಒಳ್ಳೆಯದು, ಗೋಡೆಗೆ ಕೆಟ್ಟದ್ದು. ಅದರ ಕೆಳಗಿನ ಕೆಂಪು ಮಣ್ಣು ಬೇಕು. ಮರಳಿನ ಅಂಶ ನೂರಕ್ಕೆ 65ರ ಮೇಲೆ, ಜೇಡಿ 10ರಿಂದ 15ರೊಳಗೆ ಇದ್ದರೆ ಉತ್ತಮ. ಜೇಡಿ ಹೆಚ್ಚಾದರೆ ಮರಳನ್ನೋ ಕಲ್ಲುಗಣಿಯ ಪುಡಿಯನ್ನೋ ಬೆರೆಸಬೇಕು. ಎರೆಭೂಮಿಯವರು ತಮ್ಮ ಮಣ್ಣನ್ನೇ ನೇರವಾಗಿ ಬಳಸುವ ಆಸೆ ಬಿಡುವುದು ಒಳ್ಳೆಯದು. ಅದು ನೆನೆದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ, ನಿಮ್ಮ ಹೊಲವೇ ಸಾಕ್ಷಿ.

ಜರಡಿ ಹಿಡಿದ ಮಣ್ಣಿಗೆ ತೂಕದಲ್ಲಿ ನೂರಕ್ಕೆ ಏಳು ಪಾಲು ಸಿಮೆಂಟು ಬೆರೆಸಿ ನೀರು ಚಿಮುಕಿಸಬೇಕು. ಹದ ಸರಿಯೇ ಎಂದು ತಿಳಿಯಲು ಒಂದು ಉಂಡೆ ಕಟ್ಟಿ ಭುಜದೆತ್ತರದಿಂದ ಬಿಡಿ. ಚಪ್ಪಟೆಯಾಗಿ ಕೂತರೆ ನೀರು ಹೆಚ್ಚು, ಪುಡಿಪುಡಿಯಾದರೆ ನೀರು ಸಾಲದು, ನಾಲ್ಕೈದು ಹೆಂಟೆಯಾಗಿ ಒಡೆದರೆ ಹದ ಸರಿ. ನೀರು ಹಾಕಿದ ಮಿಶ್ರಣ ಬಹಳ ಹೊತ್ತು ಕಾಯಬಾರದು, ಸ್ವಲ್ಪ ಸ್ವಲ್ಪವೇ ಕಲಸಿ. ಒತ್ತಿ ತೆಗೆದ ಬ್ಲಾಕುಗಳನ್ನು ಒಟ್ಟಿ, ಹುಲ್ಲು ಮುಚ್ಚಿ, ಮಾರನೆಯ ದಿನದಿಂದ ಮೂರು ವಾರ ನೀರು ಚಿಮುಕಿಸುತ್ತಿರಬೇಕು. ಹೆಚ್ಚಿನ ಕಡೆ ಕೆಲಸ ಕೆಡುವುದು ಇಲ್ಲಿಯೇ. ಒತ್ತುವಾಗ ಇರುವ ಉತ್ಸಾಹ ನೀರು ಹಾಕುವಾಗ ಇರುವುದಿಲ್ಲ.

ಲೆಕ್ಕ ಹೀಗಿದೆ. 20 ಅಡಿಗೆ 15 ಅಡಿಯ, ಎರಡು ಅಂಕಣದ ಒಂದು ಮನೆ ಎಂದಿಟ್ಟುಕೊಳ್ಳಿ. 230 ಮಿ.ಮೀ. ಉದ್ದ, 190 ಅಗಲ, 100 ಎತ್ತರದ ಬ್ಲಾಕು ಒಡೆದುಹೋಗುವುದೂ ಸೇರಿ ಸುಮಾರು 2,400 ಬೇಕು. ಒಂದೊಂದೂ ಎಂಟು ಕಿಲೋ ತೂಗುತ್ತದೆ. ಒಂದು ಮೂಟೆ ಸಿಮೆಂಟಿಗೆ ತೊಂಬತ್ತರ ಸುಮಾರು ಬ್ಲಾಕಾದರೆ ಮನೆಯೊಂದಕ್ಕೆ 27 ಮೂಟೆ. ಕೈಪಳಗಿದ ಏಳು ಜನ ಒಂದು ಯಂತ್ರದಲ್ಲಿ ದಿನಕ್ಕೆ ನಾನೂರು ಒತ್ತಬಲ್ಲರು. ಅಂದರೆ ಒಂದು ಮನೆಯ ಬ್ಲಾಕಿಗೆ ಆರು ದಿನ, 42 ಆಳು. ಹತ್ತು ಮನೆಗೆ ಅರವತ್ತು ದಿನ. ಕುಟುಂಬಕ್ಕೆ ಇಬ್ಬರಂತೆ ಬಂದರೆ ಒಬ್ಬೊಬ್ಬರ ಪಾಲಿಗೆ ಇಪ್ಪತ್ತೊಂದು ದಿನ. ರಾಗಿ ಕಣ ಮುಗಿದು ಸಂಕ್ರಾಂತಿ ಕಳೆದ ಮೇಲೆ ಶುರುಮಾಡಿದರೆ ಯುಗಾದಿಯ ಹೊತ್ತಿಗೆ ಬ್ಲಾಕು ಸಿದ್ಧ.

ಮನೆಗಳನ್ನು ಒಂದೊಂದಾಗಿ ಮುಗಿಸಬೇಡಿ. ಮೊದಲು ಹತ್ತರ ಪಾಯವನ್ನೂ ಮುಗಿಸಿ. ಕಲ್ಲಿನ ಪಾಯ ಒಂದು ಮಳೆಗಾಲ ಕಾಯಬಲ್ಲದು, ಮಣ್ಣಿನ ಗೋಡೆ ಸೂರಿಲ್ಲದೆ ಕಾಯಲಾರದು. ಆದ್ದರಿಂದ ಆ ಬೇಸಿಗೆಯಲ್ಲಿ ಎಷ್ಟು ಮನೆಗೆ ಸೂರು ಹಾಕಲಾಗುತ್ತದೋ ಅಷ್ಟರ ಗೋಡೆ ಮಾತ್ರ ಎಬ್ಬಿಸಿ, ಉಳಿದವರ ಬ್ಲಾಕನ್ನು ಮುಚ್ಚಿಡಿ. ಯಾರ ಮನೆ ಮೊದಲು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿ, ಆದರೆ ಬೀಗದಕೈ ಎಲ್ಲರಿಗೂ ಒಂದೇ ದಿನ. ಎರಡನೆಯ ಬೇಸಿಗೆಯವರೆಗೆ ಕಾಯಬೇಕಾಗುತ್ತದೆಂದು ಗೊಣಗುವವರು ಇರುತ್ತಾರೆ. ಅವರು ಗುಂಪಿಗೆ ಸೇರದಿರುವುದೇ ಲೇಸು.

ಆಳಿನ ಲೆಕ್ಕಕ್ಕೆ ಒಂದು ಪುಸ್ತಕವಿರಲಿ, ಪ್ರತಿ ಸಂಜೆ ಎಲ್ಲರೆದುರು ಓದಿ ರುಜು ಹಾಕಿಸಿ. ಬರಲಾಗದ ದಿನಕ್ಕೆ ಬದಲಿ ಆಳು ಕಳಿಸಬೇಕು, ಇಲ್ಲವೇ ಊರಿನ ಕೂಲಿ ದರ ಕಟ್ಟಬೇಕು. ಗಂಡಾಳಿಗೂ ಹೆಣ್ಣಾಳಿಗೂ ಒಂದೇ ಲೆಕ್ಕ. ಇದರ ಬಗ್ಗೆ ಚರ್ಚೆಯಾಗುತ್ತದೆ, ಆಗಲಿ, ಆದರೆ ಪಾಯ ಅಗೆಯುವ ಮೊದಲೇ ಆಗಲಿ. ವಿಧವೆಯೊಬ್ಬಳ ಮನೆಯಲ್ಲಿ ಭಾರ ಹೊರುವವರು ಇಲ್ಲದಿರಬಹುದು. ಬ್ಲಾಕಿಗೆ ನೀರು ಉಣಿಸುವುದು, ಎಲ್ಲರಿಗೂ ಅಡುಗೆ, ಮಕ್ಕಳನ್ನು ನೋಡಿಕೊಳ್ಳುವುದು ಇವನ್ನು ಪೂರಾ ಆಳೆಂದೇ ಬರೆದುಕೊಳ್ಳಿ. ಮೂರು ವಾರ ತಪ್ಪದೆ ನೀರು ಹಾಕಿದವಳು ಹತ್ತು ಮನೆಯ ಗೋಡೆಯನ್ನೂ ಉಳಿಸಿದವಳು.

ಸರಕಾರದ ಹಣದ ಬಗ್ಗೆ ಒಂದು ಮಾತು. 2016ರಲ್ಲಿ ಗ್ರಾಮೀಣ ಪ್ರಧಾನ ಮಂತ್ರಿ ಆವಾಸ್ ಯೋಜನೆ ಆರಂಭವಾದಾಗ ಬಯಲುಸೀಮೆಯ ಮನೆಗೆ 1 ಲಕ್ಷ 20 ಸಾವಿರ ರೂಪಾಯಿ, ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್ ಎಂದು ಗೊತ್ತುಮಾಡಿದರು. ಫಲಾನುಭವಿಯೇ ಮನೆ ಕಟ್ಟಿಸಿಕೊಳ್ಳಬೇಕು, ಗುತ್ತಿಗೆದಾರ ಕೂಡದು ಎಂಬುದೂ ಅದರ ನಿಯಮ. ನಿಯಮವೇನೋ ಒಳ್ಳೆಯದೇ. ಆದರೆ ಒಂಟಿ ಕುಟುಂಬ ಕೊನೆಗೆ ಯಾರಾದರೊಬ್ಬ ಗುತ್ತಿಗೆದಾರನ ಮನೆಬಾಗಿಲಿಗೇ ಹೋಗಿ ನಿಲ್ಲುತ್ತದೆ. ಹಣ ಕಂತಿನಲ್ಲಿ, ಕೆಲಸದ ಹಂತ ನೋಡಿ ಬರುತ್ತದೆ. ಗುಂಪಿನವರೆಲ್ಲ ಪಾಯವನ್ನು ಒಟ್ಟಿಗೆ ಮುಗಿಸಿದರೆ ಕಂತುಗಳನ್ನೂ ಒಟ್ಟಿಗೆ ಕೇಳಬಹುದು. ಇಂದಿನ ದರ, ನಿಯಮಗಳನ್ನು ಗ್ರಾಮ ಪಂಚಾಯತಿಯಲ್ಲಿ ಕೇಳಿ ತಿಳಿದುಕೊಂಡೇ ಮುಂದುವರಿಯಿರಿ. ನಿವೇಶನದ ಹಕ್ಕುಪತ್ರ ಕೈಯಲ್ಲಿಲ್ಲದವರನ್ನು, ಎಷ್ಟೇ ಬೇಕಾದವರಾಗಿರಲಿ, ಪತ್ರ ಸಿಕ್ಕಿದ ಮೇಲೆ ಸೇರಿಸಿಕೊಳ್ಳಿ. ಬೇರೆಯವರ ಜಾಗದಲ್ಲಿ ಹತ್ತು ಕುಟುಂಬದ ಬೆವರು ಸುರಿಯುವುದು ಬೇಡ.

ಇನ್ನು ಬಾಟಲಿಗಳ ಕಡೆ ಬನ್ನಿ, ಒಬ್ಬೊಬ್ಬರಾಗಿ. ತಳದಲ್ಲಿ ಕೂತಿರುವುದು ಮರಳು, ಅದರ ಮೇಲಿನ ನುಣುಪು ಪದರ ಗೋಡುಮಣ್ಣು, ಮೇಲೆ ಇನ್ನೂ ಬಗ್ಗಡವಾಗಿರುವುದು ಜೇಡಿ, ಅದು ಪೂರ್ತಿ ಇಳಿಯಲು ನಾಳೆಯವರೆಗೆ ಬೇಕು. ಅಡಿಕೋಲು ಇಲ್ಲಿದೆ. ನಿಮ್ಮ ನಿಮ್ಮ ಊರಿನ ಬಾಟಲಿಯಲ್ಲಿ ಮರಳು ಎಷ್ಟು ಬೆರಳು ನಿಂತಿದೆ ಎಂದು ಅಳೆದು ಈ ಹಲಗೆಯ ಮೇಲೆ ಬರೆಯಿರಿ.