ಸೂಜಿ ಹಿಡಿದ ಕೈ, ಸುತ್ತಿಗೆ ಹಿಡಿದ ಕೈ

ಮಗು ಹೆಚ್ಚಿನದನ್ನೆಲ್ಲ ಕಲಿಯುವುದು ಪಕ್ಕದಲ್ಲಿ ಕುಳಿತವರನ್ನು ನೋಡಿ. ಸಮಾಜಶಾಸ್ತ್ರಜ್ಞರು ಇದಕ್ಕೆ ‘ಸಾಮಾಜೀಕರಣ’ ಎಂಬ ಭಾರದ ಹೆಸರಿಟ್ಟಿದ್ದಾರೆ. ಸಂಡೂರು ತಾಲ್ಲೂಕಿನ ತಾಂಡಾಗಳಲ್ಲಿ ಆ ಹೆಸರಿನ ಹಂಗಿಲ್ಲದೆ ಕೆಲಸ ನಡೆದುಬಂದಿದೆ.

ಲಂಬಾಣಿ ತಾಯಿ ಹೊಸ್ತಿಲ ಬಳಿ ಕುಳಿತು ಕಾಂಚಳಿಗೆ ಕನ್ನಡಿ ಚೂರು ಹೊಲಿಯುತ್ತಾಳೆ. ಮಗಳ ಕೈಗೆ ಒಂದು ತುಂಡು ಬಟ್ಟೆ, ಸೂಜಿ. ತಪ್ಪಿದರೆ ಬಿಚ್ಚಿ ಮತ್ತೆ ಹಾಕು, ಅಷ್ಟೇ ಪಾಠ. ಕವಡೆ ಎಲ್ಲಿ ಬರಬೇಕು ಎಂಬುದರ ಜೊತೆಗೆ, ಮದುವೆಯಾದವಳು ಏನು ತೊಡಬೇಕು, ಹಿರಿಯರ ಮುಂದೆ ಹೇಗಿರಬೇಕು ಎಂಬುದೂ ಆ ಸೂಜಿಯ ಹಿಂದೆಯೇ ಬರುತ್ತದೆ. ತಾಯಿ ಕಲಿಸದ್ದನ್ನು ಗೆಳತಿಯರು ಕಲಿಸುತ್ತಾರೆ. ಶ್ರಾವಣದ ತೀಜ್ ಹಬ್ಬದಲ್ಲಿ ಮದುವೆಯಾಗದ ಹುಡುಗಿಯರು ಬುಟ್ಟಿಯಲ್ಲಿ ಗೋಧಿ ಬಿತ್ತಿ, ಒಂಬತ್ತು ದಿನ ನೀರೆರೆದು ಹಾಡುತ್ತಾರೆ. ಚಿಕ್ಕವಳು ದೊಡ್ಡವಳ ದನಿಗೆ ದನಿ ಸೇರಿಸಿಯೇ ಹಾಡು ಕಲಿಯಬೇಕು; ಗೋರ್ ಬೋಲಿಗೆ ತನ್ನದೇ ಲಿಪಿಯಿಲ್ಲ. ಹಂಪಿಯ ಬೀದಿಯಲ್ಲಿ ಪ್ರವಾಸಿಗರ ಮಾತು ಕಲಿತು ನಕಾಶೆ ಮಾರುವ ಹುಡುಗನೂ ಹೀಗೆ ಓರಗೆಯವರ ಶಿಷ್ಯನೇ.

ಆದರೆ ಮಗು ಒಳ್ಳೆಯದನ್ನಷ್ಟೇ ಆರಿಸಿ ನೋಡುವುದಿಲ್ಲ. 2000ರ ನಂತರ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ, ಹೊಸಪೇಟೆ-ಸಂಡೂರು ಗಣಿಗಳಲ್ಲಿ ಮಕ್ಕಳು ತಂದೆತಾಯಿಯ ಪಕ್ಕದಲ್ಲೇ ಕುಳಿತು ಸುತ್ತಿಗೆಯಿಂದ ಅದಿರು ಒಡೆದರು. ಮಕ್ಕಳನ್ನು ಗಣಿ ಕೆಲಸಕ್ಕೆ ಹಚ್ಚಬಾರದೆಂದು 1952ರ ಗಣಿ ಕಾಯ್ದೆಯೇ ಹೇಳಿತ್ತು. ಪಾಠದ ಕ್ರಮ ಮಾತ್ರ ತಾಂಡಾದ್ದೇ: ಕೂರು, ನೋಡು, ಕೈಹಾಕು. ತಂದೆತಾಯಿಯನ್ನು ಬೈದು ಪ್ರಯೋಜನವೇನು? ವಲಸೆ ಬಂದು ಗುಡಿಸಲು ಹಾಕಿದವರಿಗೆ ಮಗುವನ್ನು ಬಿಟ್ಟುಹೋಗಲು ಅಜ್ಜಿಯ ಮನೆ ಎಲ್ಲಿತ್ತು? 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಮುಂದೆ ಕಟ್ಟುಪಾಡಿನೊಡನೆ ಅದು ಮತ್ತೆ ಶುರುವಾಯಿತು. ಸುತ್ತಿಗೆ ಹಿಡಿದು ಕಳೆದ ಶಾಲೆಯ ವರ್ಷಗಳನ್ನು ಆ ಮಕ್ಕಳಿಗೆ ಯಾವ ಆದೇಶವೂ ಹಿಂದಕ್ಕೆ ಕೊಡಲಾರದು.

ಸೂಜಿಯ ಕತೆ ಬೇರೆ. ಸಂಡೂರು ಕುಶಲ ಕಲಾ ಕೇಂದ್ರ 1984ರಲ್ಲಿ ಶುರುವಾಯಿತು. 2010ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ 450ಕ್ಕೂ ಹೆಚ್ಚು ಮಹಿಳೆಯರ 1,755 ಕಸೂತಿಗಳು ಗಿನ್ನೆಸ್ ದಾಖಲೆ ಸೇರಿದವು. ಸಂತೋಷವೇ. ಆದರೆ ತಾಯಿಯೇ ಸೀರೆ ಉಡುವ ಮನೆಯಲ್ಲಿ ಮಗಳ ಕಣ್ಣಿಗೆ ಕಾಂಚಳಿ ಬೀಳುವುದು ಹಬ್ಬದ ದಿನ, ಅಜ್ಜಿಯ ಮೈಮೇಲೆ. ಶಾಲೆ ಬಿಡಿಸಿ ಸೂಜಿ ಹಿಡಿಸಿ ಎಂದು ಯಾರೂ ಹೇಳಲಾರರು. ವಾರಕ್ಕೊಂದು ದಿನ ಆ ಅಜ್ಜಿಯನ್ನೇ ಶಾಲೆಗೆ ಕರೆದು, ಮಕ್ಕಳ ನಡುವೆ ಕೂರಿಸಲು ಅಡ್ಡಿಯೇನು?