ಕಾಲು ನೋಡುವ ಹುಡುಗಿ
(ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ಮಾಡಿದ ಭಾಷಣ)



35 ವರ್ಷ ಬ್ಯಾಂಕಿನಲ್ಲಿ ಸಾಲದ ಕಡತ ನೋಡಿದವನು ನಾನು. ಬಿ.ಕಾಂ. ಓದಿದವನಿಗೆ ವೈದ್ಯಶಾಸ್ತ್ರ ಎಲ್ಲಿಂದ ಬರಬೇಕು? ಆದರೂ ಇವತ್ತು ಕಾಲುಗುರಿನ ಬಗ್ಗೆ ಮಾತಾಡಲು ನಿಂತಿದ್ದೇನೆ. ಕಾರಣ, ನನ್ನ ಬಲಗಾಲಿನಲ್ಲಿ ಈಗ ನಾಲ್ಕೇ ಬೆರಳು.

ನನಗೆ ಸಕ್ಕರೆ ಕಾಯಿಲೆ ಬಂದು 18 ವರ್ಷವಾಯಿತು. ಒಂದು ಭಾನುವಾರ ಹಳೆಯ ಬ್ಲೇಡಿನಿಂದ ಉಗುರು ತೆಗೆದುಕೊಂಡೆ. ಕಿರುಬೆರಳಿಗೆ ಬ್ಲೇಡು ತಾಗಿದ್ದು ಗೊತ್ತೇ ಆಗಲಿಲ್ಲ. ಮೂರನೆಯ ದಿನ ಕಾಲುಚೀಲದಲ್ಲಿ ಕಲೆ ಕಂಡಿತು. ನೋವಿಲ್ಲವಲ್ಲ ಎಂದು ಅರಿಶಿನ ಹಚ್ಚಿ ಸುಮ್ಮನಾದೆ, ಮನೆಯವಳಿಗೂ ಹೇಳಲಿಲ್ಲ. ಎರಡು ವಾರದಲ್ಲಿ ಬೆರಳು ಕಪ್ಪಾಯಿತು, ತೆಗೆಯಬೇಕಾಯಿತು. ಆಸ್ಪತ್ರೆಯ ಬಿಲ್ಲು 1,40,000 ರೂಪಾಯಿ. ತಪ್ಪು ಬೇರೆ ಯಾರದೂ ಅಲ್ಲ, ನನ್ನದೇ.

ಗಾಯ ಮಾಗಿದ ಮೇಲೆ ವೈದ್ಯರು ಇಲ್ಲೇ ಮುಂಬಯಿಯ ಒಂದು ಪಾದ ಚಿಕಿತ್ಸಾಲಯಕ್ಕೆ ಕಳುಹಿಸಿದರು. ಅಲ್ಲಿ ಉಗುರು ನೋಡುವ ಟೆಕ್ನಿಷಿಯನ್ ಒಬ್ಬ ಹುಡುಗಿ. ಮೊದಲು ಬ್ಯೂಟಿ ಪಾರ್ಲರಿನಲ್ಲಿದ್ದವಳು, ಆಮೇಲೆ ವೈದ್ಯರ ಕೈಕೆಳಗೆ ಈ ಕೆಲಸ ಕಲಿತಳು. "ಅಲ್ಲಿ ಉಗುರು ಚಂದ ಕಾಣಬೇಕಿತ್ತು, ಇಲ್ಲಿ ಕಾಲು ಉಳಿಯಬೇಕು ಅಂಕಲ್" ಎಂದಳು.

ಅವಳು ಬಂದವರ ಉಗುರಿಗೆ ನೇರವಾಗಿ ಕತ್ತರಿ ಹಾಕುವುದಿಲ್ಲ. ಸಕ್ಕರೆ ಎಷ್ಟು, ರಕ್ತ ತೆಳುವಾಗಿಸುವ ಮಾತ್ರೆ ಉಂಟೇ ಎಂದು ಕೇಳಿ ಬರೆದುಕೊಳ್ಳುತ್ತಾಳೆ. ಬೆರಳ ಸಂದಿ, ಹಿಮ್ಮಡಿಯ ಬಿರುಕು ನೋಡುತ್ತಾಳೆ. ಕಣ್ಣು ಮುಚ್ಚಲು ಹೇಳಿ, 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ತಾಗಿಸಿ, "ಗೊತ್ತಾಯಿತೇ?" ಎನ್ನುತ್ತಾಳೆ. ನಾನು ಹಲವು ಕಡೆ ಸುಮ್ಮನಿದ್ದೆ. ಅವಳು ಆಗಲೇ ಮುಟ್ಟಿಯಾಗಿತ್ತು! ನನ್ನ ಬೆರಳು ಹೋದದ್ದು ಹೇಗೆಂದು ಆ ದಿನ ಅರ್ಥವಾಯಿತು.

ಆಮೇಲೆ ಉಗುರನ್ನು ನೇರವಾಗಿ ಕತ್ತರಿಸುತ್ತಾಳೆ. ಮೂಲೆ ಅಗೆಯುವುದಿಲ್ಲ, ಅಗೆದರೆ ಉಗುರು ಮಾಂಸದೊಳಗೆ ಬೆಳೆಯುತ್ತದೆ. ದಪ್ಪಗಾದ ಉಗುರನ್ನು ಮಾಸ್ಕ್ ಹಾಕಿಕೊಂಡು ಯಂತ್ರದಿಂದ ತೆಳುಮಾಡುತ್ತಾಳೆ. ಪ್ರತಿಯೊಬ್ಬರಿಗೂ ಆಟೊಕ್ಲೇವಿನ ಹಬೆಯಲ್ಲಿ ಶುದ್ಧ ಮಾಡಿದ ಬೇರೆ ಸಲಕರಣೆ. ಕೀವೋ ಕಪ್ಪು ಬಣ್ಣವೋ ಕಂಡರೆ ಅಲ್ಲಿಗೇ ಕೈ ನಿಲ್ಲಿಸಿ ವೈದ್ಯರನ್ನು ಕರೆಯುತ್ತಾಳೆ.

ನಮ್ಮ ಹಿರಿಯರು ಸಂಕೋಚದಿಂದ ಕಾಲು ಹಿಂದೆಳೆದುಕೊಳ್ಳುತ್ತಾರೆ. ಒಬ್ಬ ಅಜ್ಜಿ "ಮಗಳೇ, ನನ್ನ ಕಾಲು ಮುಟ್ಟಬೇಡ" ಎಂದು ಕೈಮುಗಿದರು. ಅವಳು ನಕ್ಕು, ಊದಿದ ಬೆರಳಿಗೆ ಬಿಗಿದಿದ್ದ ಕಾಲುಂಗುರವನ್ನು ಮೆಲ್ಲನೆ ಬಿಡಿಸಿದಳು. ಅದರ ಕೆಳಗೆ ಗಾಯವಿತ್ತು. ಅಜ್ಜಿಗೆ ತಿಳಿದೇ ಇರಲಿಲ್ಲ. ದಿನವಿಡೀ ಗಿಡ್ಡ ಸ್ಟೂಲಿನ ಮೇಲೆ ಬಗ್ಗಿ ಕೂತು ಸಂಜೆಗೆ ಅವಳ ಬೆನ್ನು ಹಿಡಿದಿರುತ್ತದೆ. ಇಂಥ ಕೆಲಸಕ್ಕೆ ನಾವು ಕೊಡುವ ಗೌರವ ಸಾಲದು.

ಈಗ ನನ್ನ ವಿನಂತಿ. ನಮ್ಮ ನಿಧಿ ಇದುವರೆಗೆ ಆಸ್ಪತ್ರೆ ಸೇರಿದವರ ಬಿಲ್ಲು ನೋಡಿ ಹಣ ಕೊಡುತ್ತ ಬಂದಿದೆ. ಅದು ಮುಂದುವರಿಯಲಿ. ಜೊತೆಗೆ, ಸಕ್ಕರೆ ಕಾಯಿಲೆ ಇರುವ ಬಡ ಸದಸ್ಯರ ಪಾದ ತಪಾಸಣೆಗೂ ಕೊಡೋಣ. ಹೋಟೆಲ್ ಅಡುಗೆಮನೆಯ ಒದ್ದೆ ನೆಲದಲ್ಲಿ ಹಗಲೆಲ್ಲ ನಿಲ್ಲುವ ನಮ್ಮ ಹುಡುಗರನ್ನು ನೆನಪಿಡಿ. ಅಲ್ಲಿ ಒಂದು ಭೇಟಿಗೆ ನಾನು ಕೊಡುವುದು 600 ರೂಪಾಯಿ. ನನ್ನ ಒಂದು ಬೆರಳಿನ ಬಿಲ್ಲಿನಲ್ಲಿ 233 ಜನರ ಕಾಲು ನೋಡಿಸಬಹುದಿತ್ತು. ಬ್ಯಾಂಕಿನವನ ಲೆಕ್ಕ, ತಪ್ಪಿದ್ದರೆ ತಿದ್ದಿ.

ಈ ಬಾಬ್ತಿಗೆ ನನ್ನ ಒಂದು ತಿಂಗಳ ಪಿಂಚಣಿಯನ್ನು ಇಂದೇ ಖಜಾಂಚಿಯವರಿಗೆ ಒಪ್ಪಿಸುತ್ತಿದ್ದೇನೆ. ನೀವೂ ಕೈಲಾದಷ್ಟು ಕೊಡಿ. ಇವತ್ತು ರಾತ್ರಿ ಮಲಗುವ ಮುನ್ನ ಕನ್ನಡಿ ಹಿಡಿದು ನಿಮ್ಮ ಅಂಗಾಲನ್ನೂ ಒಮ್ಮೆ ನೋಡಿಕೊಳ್ಳಿ. ನೋವಿಲ್ಲ ಎಂದು ಬಿಡಬೇಡಿ.