ನೀರನ್ನು ಬೈಯಬೇಡ್ರಿ

(ವಾರ್ಷಿಕೋತ್ಸವದಲ್ಲಿ ಆಡಿದ ಮಾತುಗಳ ಬರಹ ರೂಪ)

ಕಟಿಂಗ್ ಅಂಗಡಿಯವನನ್ನು ಮಾತಾಡಲು ಕರೆದಿದ್ದೀರಿ. ನನಗೆ ಗೊತ್ತಿರೋದು ಕೂದಲು ಒಂದೇ, ಅದನ್ನೇ ಹೇಳ್ತೀನಿ.

ನಾನು ಕೊಪ್ಪಳದವನು. ಅಲ್ಲೇ ಪಕ್ಕದ ಭಾಗ್ಯನಗರದಲ್ಲಿ ಕೂದಲಿನ ಉದ್ಯಮ ಇದೆ. ಹೆಣ್ಣುಮಕ್ಕಳು ತಲೆ ಬಾಚಿ ಸುತ್ತಿಟ್ಟ ಕೂದಲ ಉಂಡೆಗಳನ್ನು ತಂದು, ಸಿಕ್ಕು ಬಿಡಿಸಿ, ತೊಳೆದು, ಉದ್ದ ನೋಡಿ ವಿಂಗಡಿಸುತ್ತಾರೆ. ದೋಹಾಕ್ಕೆ ಬರುವ ಮುಂಚೆ ನಾನೂ ಮೂರು ವರ್ಷ ಆ ಕೆಲಸ ಮಾಡಿದೆ. ಕಪ್ಪು ಎಳೆಯ ನುಣುಪು, ಬಿಳಿ ಎಳೆಯ ಬಿರುಸು ಬೆರಳಿಗೇ ತಿಳೀತಿತ್ತು.

ಇಲ್ಲಿ ಶುಕ್ರವಾರ ನನ್ನ ಕುರ್ಚಿಯಲ್ಲಿ ಕೂತವರದ್ದು ಒಂದೇ ಮಾತು: "ಅಣ್ಣಾ, ಈ ಊರಿನ ನೀರಿಗೆ ಕೂದಲೆಲ್ಲ ಹೋಯ್ತು ನೋಡು."

ಕತಾರಿನ ನಲ್ಲಿ ನೀರು ಹೆಚ್ಚುಕಡಿಮೆ ಎಲ್ಲವೂ ಸಮುದ್ರದ ನೀರಿನ ಉಪ್ಪು ತೆಗೆದು ಮಾಡಿದ್ದು. ಆದರೆ ನೀರು ಎಂಥದೇ ಇರಲಿ, ಅದು ತಾಗೋದು ಹೊರಗಿನ ಎಳೆಗೆ. ಆ ಎಳೆ ಉಗುರಿನ ಹಾಗೆ, ಜೀವ ಇಲ್ಲದ ಕೆರಾಟಿನ್. ಜೀವ ಇರೋದು ಚರ್ಮದೊಳಗಿನ ಬೇರಿನಲ್ಲಿ. ನೀರಿಗೆ, ಬಿಸಿಲಿಗೆ ಎಳೆ ಒರಟಾದೀತು, ತುದಿ ಸೀಳೀತು. ಅಷ್ಟಕ್ಕೆ ಬೇರು ಸಾಯೋದಿಲ್ಲ.

ಹಾಗಾದರೆ ಹೊಸದಾಗಿ ಬಂದವರಿಗೆ ಯಾಕೆ ಉದುರುತ್ತೆ? ತಲೆಯ ಒಂದೊಂದು ಕೂದಲೂ 2ರಿಂದ 6 ವರ್ಷ ಬೆಳೆದು, ಸುಮಾರು ಮೂರು ತಿಂಗಳು ಸುಮ್ಮನಿದ್ದು, ಆಮೇಲೆ ಉದುರುತ್ತದೆ. ದಿನಕ್ಕೆ 50ರಿಂದ 100 ಹೋಗೋದು ಸಹಜ. ಜೋರು ಜ್ವರ, ಅರೆಹೊಟ್ಟೆ, ಮನಸ್ಸಿನ ಭಾರ ಬಂದಾಗ ಬಹಳಷ್ಟು ಕೂದಲು ಒಟ್ಟಿಗೇ ಬೆಳೆಯೋದು ನಿಲ್ಲಿಸಿ, ಎರಡು-ಮೂರು ತಿಂಗಳಾದ ಮೇಲೆ ಒಟ್ಟಿಗೇ ಬೀಳುತ್ತವೆ. ಊರು ಬಿಟ್ಟಾಗ ಪಟ್ಟ ಸಂಕಟ ಇಲ್ಲಿಗೆ ಬಂದ ಮೂರನೇ ತಿಂಗಳಿಗೆ ಬಾಚಣಿಗೆಗೆ ಬರಬಹುದು. ಬೈಸಿಕೊಳ್ಳೋದು ಮಾತ್ರ ನೀರು. ಈ ಥರ ಉದುರಿದ್ದು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ.

ವಯಸ್ಸಿನ ಲೆಕ್ಕ ಬೇರೆ. ವಂಶದಲ್ಲಿದ್ದರೆ ಗಂಡಸರಿಗೆ ಹಣೆಯಲ್ಲಿ, ನೆತ್ತಿಯಲ್ಲಿ ಪ್ರತಿ ಸಲ ಹುಟ್ಟುವ ಎಳೆ ಹಿಂದಿನದಕ್ಕಿಂತ ತೆಳ್ಳಗೆ, ಗಿಡ್ಡಕ್ಕೆ ಬರುತ್ತದೆ. ವರ್ಷ ಕಳೆದ ಹಾಗೆ ನೆತ್ತಿಯ ಎಣ್ಣೆಯಂಶ ಇಳಿದು ಕೂದಲು ಒಣಗುತ್ತದೆ. ಬೇರಿನಲ್ಲಿ ಬಣ್ಣ ತಯಾರಿಸುವ ಜೀವಕೋಶಗಳು ತೀರಿದ ಮೇಲೆ ಎಳೆ ಬೆಳ್ಳಗೇ ಹುಟ್ಟುತ್ತದೆ.

ಇನ್ನೊಂದು ವಿಷಯ ಕೇಳ್ರಿ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು 14 ಜನರ ಕೂದಲು ಪರೀಕ್ಷಿಸಿ 2021ರಲ್ಲಿ ವರದಿ ಮಾಡಿದರು. ಅವರಲ್ಲಿ ಒಬ್ಬರು ರಜೆಗೆ ಹೋದಾಗ ಬೆಳ್ಳಗಾಗಿದ್ದ ಐದು ಕೂದಲು ಮತ್ತೆ ಕಪ್ಪಾದವಂತೆ. ರಜೆ ಹಾಕಿದರೆ ತಲೆಯೆಲ್ಲ ಕಪ್ಪಾಗತ್ತೆ ಅಂತಲ್ಲ. ಆದರೆ ಮನಸ್ಸಿನ ಭಾರ ಕೂದಲಿನವರೆಗೂ ಇಳಿಯುತ್ತೆ ಅನ್ನೋದು ಬರೀ ಮಾತಲ್ಲ.

ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ ಅಂದರೆ, ಹೋದ ವರ್ಷ ಒಬ್ಬ ಹುಡುಗ ಬಂದಿದ್ದ. ಹೆಣ್ಣು ನೋಡೋಕೆ ವಿಡಿಯೋ ಕಾಲ್ ಮಾಡು ಅಂತ ಮನೆಯಲ್ಲಿ ಹೇಳಿದರೆ, ನೆತ್ತಿ ಕಾಣತ್ತೆ ಅಂತ ಫೋನೇ ಎತ್ತುತ್ತಿರಲಿಲ್ಲ. ಎಣ್ಣೆಗೆ, ಔಷಧಿಗೆ ಅಂತ ಮೂರು ತಿಂಗಳ ಸಂಬಳ ಹೋಗಿತ್ತು. ಅದು ತಂಗಿಯ ಕಾಲೇಜು ಫೀಸಿನ ದುಡ್ಡು.

ನನ್ನ ಕೋರಿಕೆ ಇಷ್ಟೇ. ಕೂದಲು ಇದ್ದಕ್ಕಿದ್ದಂತೆ ಹಿಡಿ ಹಿಡಿಯಾಗಿ ಉದುರಿದರೆ, ನಾಣ್ಯದಷ್ಟಗಲ ಬೋಳಾದರೆ ಮೊದಲು ಡಾಕ್ಟರಿಗೆ ತೋರಿಸಿ. ರಕ್ತ ಕಮ್ಮಿ ಇದ್ದರೂ, ಥೈರಾಯ್ಡ್ ಇದ್ದರೂ ಕೂದಲು ಉದುರುತ್ತದೆ. ಕಪ್ಪು ಬಣ್ಣ ಹಚ್ಚುವವರು ಎರಡು ದಿನ ಮುಂಚೆ ಕೈಗೆ ಚೂರು ಹಚ್ಚಿ ನೋಡಿ. ಅದರಲ್ಲಿರುವ ಪಿಪಿಡಿ ಕೆಲವರಿಗೆ ಆಗೋದಿಲ್ಲ, ಮುಖವೇ ಊದಿಕೊಳ್ಳುತ್ತದೆ. ವಯಸ್ಸಿನದ್ದಾದರೆ ಊರಿಗೆ ಕಳಿಸುವ ದುಡ್ಡನ್ನು ಅದಕ್ಕೆ ಸುರಿಯಬೇಡಿ.

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಎರಡು ವರ್ಷಕ್ಕೊಮ್ಮೆ ಊರಿಗೆ ಹೋದರೆ, ಮನೆಯವಳ ಜಡೆಯಲ್ಲಿ ನಾವು ನೋಡದೇ ಬೆಳೆದ 24 ಸೆಂಟಿಮೀಟರ್ ಇರುತ್ತದೆ. ನಮ್ಮ ನರೆಯೂ ಅಷ್ಟೇ, ಅವರ ಕಣ್ಣಿಗೆ ಬೀಳದೇ ಬಂದದ್ದು. ಫೋನಿನಲ್ಲಿ ಟೋಪಿ ತೆಗೆದೇ ಮಾತಾಡ್ರಿ, ನೋಡಲಿ.